ದಿನದ ಲೆಕ್ಕ ತಪ್ಪಿದರೆ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಗರ್ಭಪಾತದ ಬಗ್ಗೆ. ಮನೆಯಲ್ಲಿ ಹೆಣ್ಣುಮಕ್ಕಳು ಪಕ್ಕದಲ್ಲಿ ಕೂತಿದ್ದಾರೆ ಅಂತ ರೇಡಿಯೊ ಆರಿಸಬೇಡಿ. ಅವರೂ ಕೇಳಬೇಕಾದ ವಿಷಯ ಇದು, ಅವರ ಅಣ್ಣತಮ್ಮಂದಿರೂ ಕೇಳಬೇಕಾದದ್ದು.

ಮೊದಲು ಒಂದು ಲೆಕ್ಕ ಮಾಡೋಣ. ಒಬ್ಬ ಹೆಂಗಸು ಜೂನ್ 1ಕ್ಕೆ ಮುಟ್ಟಾದಳು ಅನ್ನಿ. ಜೂನ್ 29ಕ್ಕೆ ಮತ್ತೆ ಆಗಬೇಕಿತ್ತು, ಆಗಲಿಲ್ಲ. ಇನ್ನೆರಡು ದಿನ ನೋಡೋಣ, ಇನ್ನೊಂದು ವಾರ ನೋಡೋಣ ಅಂತ ಜುಲೈ 29 ಬಂತು. ಆಗ ಆಕೆ, "ಒಂದು ತಿಂಗಳು ನಿಂತಿದೆ" ಅನ್ನುತ್ತಾಳೆ. ವೈದ್ಯರ ಲೆಕ್ಕದಲ್ಲಿ ಅವತ್ತಿಗೆ ಎಂಟು ವಾರ ದಾಟಿರುತ್ತದೆ. ಯಾಕೆಂದರೆ ಬಸಿರಿನ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮಾತ್ರೆಯಿಂದ ಗರ್ಭಪಾತ ಮಾಡಲು ನಮ್ಮ ದೇಶದ ನಿಯಮ ಕೊಟ್ಟಿರುವ ಅವಧಿ ಒಂಬತ್ತು ವಾರ, ಅಂದರೆ 63 ದಿನ. ಅದು ಆಗಸ್ಟ್ 3ಕ್ಕೆ ಮುಗಿಯುತ್ತದೆ. "ಒಂದೇ ತಿಂಗಳಲ್ವಾ, ಅವಸರ ಏನು" ಎಂದು ಕೂತವಳ ಕೈಯಲ್ಲಿ ಉಳಿದದ್ದು ಐದು ದಿನ.

ಗರ್ಭಪಾತದ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳು ಹತ್ತಾರು. ಬಹುತೇಕ ಎಲ್ಲವೂ ಮಾಡುವ ಕೆಡುಕು ಒಂದೇ, ವಾರಗಳನ್ನು ನುಂಗುವುದು. ಎಂಟನೇ ವಾರದಲ್ಲಿ ಸಲೀಸಾಗಿ ಮುಗಿಯುವ ಕೆಲಸ ಹದಿನಾರನೇ ವಾರಕ್ಕೆ ದೊಡ್ಡದಾಗುತ್ತದೆ. ರಕ್ತಸ್ರಾವದ ಅಪಾಯವೂ ಹೆಚ್ಚು, ಖರ್ಚೂ ಹೆಚ್ಚು.

ವಾರ ನುಂಗುವುದರಲ್ಲಿ ಮೊದಲನೆಯದು ಮನೆಮದ್ದು. ಪರಂಗಿ ಹಣ್ಣು, ಎಳ್ಳು ಬೆಲ್ಲ, ಕಾಳುಮೆಣಸಿನ ಕಷಾಯ. ಇವನ್ನು ತಿಂದು ಕುಡಿದು ಬಸಿರು ಇಳಿಯುತ್ತದೆ ಅಂತ ನಂಬಿ ಹದಿನೈದು ದಿನ ಕಳೆಯುವವರು ಎಷ್ಟೋ ಮಂದಿ. ಇಳಿಯುವುದಿಲ್ಲ. ಇದಕ್ಕಿಂತ ಘೋರವಾದದ್ದು ಎಕ್ಕದ ಕಡ್ಡಿ. ಅದನ್ನು ಒಳಗೆ ತೂರಿಸಿದರೆ ಗರ್ಭಕೋಶ ತೂತಾಗಬಹುದು, ಸೋಂಕು ರಕ್ತಕ್ಕೆ ಏರಿ ನಂಜಾಗಬಹುದು, ಜೀವವೇ ಹೋಗಬಹುದು. ಹಾಲುಣಿಸುವ ತಾಯಂದಿರದ್ದು ಬೇರೆ ಕಥೆ. "ಕೂಸಿಗೆ ಹಾಲು ಕೊಡುವಾಗ ಬಸಿರು ನಿಲ್ಲಲ್ಲ" ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಬಾಣಂತನದ ನಂತರ ಮುಟ್ಟು ಮತ್ತೆ ಬಂದಿರಬಾರದು. ಮೂರೂ ಸೇರಿದರೆ ಮಾತ್ರ ಆ ಮಾತು ನಿಜ. ಒಂದು ತಪ್ಪಿದರೂ ಬಸಿರು ನಿಲ್ಲಬಹುದು, ಮತ್ತು ಮುಟ್ಟೇ ಬಾರದ ಆ ತಾಯಿಗೆ ಎಣಿಸಲು ತಾರೀಖು ಇರುವುದಿಲ್ಲ. ಅಂಥವರಿಗೆ ಸ್ಕ್ಯಾನ್ ಬೇಕೇ ಬೇಕು.

ಆಶಾ ಕಾರ್ಯಕರ್ತೆಯರ ಬಳಿ ಬಸಿರು ಪರೀಕ್ಷಿಸುವ ನಿಶ್ಚಯ್ ಕಿಟ್ ಇರುತ್ತದೆ. ಮುಟ್ಟಿನ ದಿನ ತಪ್ಪಿದ ತಕ್ಷಣ, ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿಕೊಂಡರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಎರಡನೆಯದು ಗಂಡನ ಸಹಿ. ಗಂಡ ಕಾಫಿ ಸೀಮೆಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋಗಿದ್ದಾನೆ, ನಾಯಕನಹಟ್ಟಿ ಜಾತ್ರೆಗೆ ಬರುತ್ತಾನೆ, ಬಂದ ಮೇಲೆ ಕರೆದುಕೊಂಡು ಹೋಗುತ್ತಾನೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಇದು ಅಪರೂಪದ ಮಾತಲ್ಲ. ಆದರೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಕೇಳುವುದು ಒಂದೇ ಸಹಿ, ಆ ಹೆಂಗಸಿನದು. ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾವ ಹೆಣ್ಣಿಗೂ ಗಂಡನ, ಅತ್ತೆಯ, ಅಪ್ಪನ ಒಪ್ಪಿಗೆ ಬೇಕಿಲ್ಲ. ಒಪ್ಪಿಗೆ ಪತ್ರಕ್ಕೆ ಫಾರಂ ಸಿ ಎನ್ನುತ್ತಾರೆ. ಅದರಲ್ಲಿ ಗಂಡ ಸಹಿ ಮಾಡುವ ಜಾಗವೇ ಇಲ್ಲ. ಆದರೂ ಕೆಲವು ಆಸ್ಪತ್ರೆಗಳಲ್ಲಿ ಕೇಳುತ್ತಾರೆ. ಮುಂದೆ ಗಲಾಟೆ ಆದೀತು ಎಂಬ ಅಂಜಿಕೆ ಅದು, ಕಾನೂನಲ್ಲ.

ಹದಿನೆಂಟು ತುಂಬದವರಿಗೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಬೇಕಾಗುತ್ತದೆ ನಿಜ; ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆಕೆಯ ಹೆಸರು, ಗುರುತು ಬರೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಅದೇ ತೀರ್ಪು ಇನ್ನೊಂದು ಗಂಟನ್ನೂ ಬಿಡಿಸಿತು: ಮದುವೆಯಾಗದ ಹೆಣ್ಣಿಗೂ ಮದುವೆಯಾದವಳಿಗೆ ಇರುವಷ್ಟೇ ಹಕ್ಕು.

2021ರ ತಿದ್ದುಪಡಿಯಾದ ಮೇಲೆ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ಬಳಸಿಯೂ ಬಸಿರು ನಿಂತಿದ್ದರೆ, ಗರ್ಭಪಾತಕ್ಕೆ ಕಾನೂನು ಒಪ್ಪುವ ಕಾರಣ ಅದೇ ಆಗುತ್ತದೆ. ಇಪ್ಪತ್ತರಿಂದ ಇಪ್ಪತ್ನಾಲ್ಕು ವಾರಕ್ಕೆ ಇಬ್ಬರು ವೈದ್ಯರು ಬೇಕು, ಮತ್ತು ಅದು ಕೆಲವರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಾದ ಮೇಲೆ ವಿಧವೆಯಾದವರು ಅಥವಾ ವಿಚ್ಛೇದನವಾದವರು, ಅಂಗವಿಕಲರು, ಭ್ರೂಣದಲ್ಲಿ ದೋಷ ಕಂಡವರು, ಇಂಥವರು. ಅತ್ಯಾಚಾರ ಅಂದ ಮಾತ್ರಕ್ಕೆ ಎಫ್‌ಐಆರ್ ತೋರಿಸಬೇಕಿಲ್ಲ. ಇಪ್ಪತ್ನಾಲ್ಕು ದಾಟಿದರೆ, ಭ್ರೂಣದಲ್ಲಿ ಗಂಭೀರ ದೋಷವಿದ್ದಾಗ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ಗರ್ಭಪಾತ ಮಾಡಿಸಿಕೊಂಡವಳ ಹೆಸರು ಹೊರಗೆ ಬಿಡುವುದು ಅಪರಾಧ. ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಈ ಮಾತನ್ನು ಆಸ್ಪತ್ರೆಯ ಸಿಬ್ಬಂದಿಯೂ ಕಿವಿಗೆ ಹಾಕಿಕೊಳ್ಳಬೇಕು.

ಇನ್ನು ಯಾರು ಬರುತ್ತಾರೆ ಎಂಬ ಪ್ರಶ್ನೆ. ದಾರಿ ತಪ್ಪಿದ ಹುಡುಗಿಯರು ಎಂದು ಊರಿನ ಕಟ್ಟೆ ತೀರ್ಪು ಕೊಟ್ಟಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವವರಲ್ಲಿ ಬಹುಪಾಲು ಮದುವೆಯಾದವರು, ಮನೆಯಲ್ಲಿ ಒಂದೋ ಎರಡೋ ಮಕ್ಕಳಿರುವವರು. ಹಿಂದಿನ ಹೆರಿಗೆಯಾಗಿ ವರ್ಷ ತುಂಬಿರುವುದಿಲ್ಲ, ರಕ್ತ ಕಡಿಮೆಯಾಗಿ ಹಿಮೋಗ್ಲೋಬಿನ್ ಎಂಟೇ ಇರುತ್ತದೆ, ಕಾಂಡೋಮ್ ಹರಿದಿರುತ್ತದೆ ಅಥವಾ ಗಂಡ ಬಳಸಿಯೇ ಇರುವುದಿಲ್ಲ. ಇವರ ಮನಸ್ಸು ಮುಂದೆ ಕೆಟ್ಟುಹೋಗುತ್ತದೆ ಎಂಬುದೂ ಕಟ್ಟೆಯದೇ ತೀರ್ಪು. ಅಮೆರಿಕದಲ್ಲಿ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ವಿಚಾರಿಸುತ್ತ ಹೋದ ಒಂದು ಅಧ್ಯಯನದಲ್ಲಿ, ಗರ್ಭಪಾತ ಮಾಡಿಸಿಕೊಂಡವರಿಗೆ ಮಾನಸಿಕ ಕಾಯಿಲೆ ಹೆಚ್ಚಿದ್ದು ಕಾಣಲಿಲ್ಲ.

ಭ್ರೂಣಲಿಂಗ ಪತ್ತೆಯ ಕಾನೂನನ್ನೂ ಇದನ್ನೂ ಕಲಸಿಬಿಡುವವರು ಬಹಳ. ಲಿಂಗ ಪತ್ತೆ ಮಾಡುವುದು 1994ರ ಕಾಯ್ದೆಯಡಿ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ "ಗರ್ಭಪಾತ ಬ್ಯಾನ್ ಆಗಿದೆ" ಎಂದು ಅದಕ್ಕೆ ಅರ್ಥವಲ್ಲ. ಸ್ಕ್ಯಾನಿನಲ್ಲಿ ಲಿಂಗ ಕಾಣುವುದಕ್ಕೆ ಸುಮಾರು ಹನ್ನೆರಡು, ಹದಿಮೂರು ವಾರವಾದರೂ ಆಗಬೇಕು. ಮಾತ್ರೆ ಕೊಡುವುದು ಒಂಬತ್ತು ವಾರದೊಳಗೆ. ಹಾಗಿರುವಾಗ ಮಾತ್ರೆ ಕೇಳಿದವಳನ್ನು ಹೆಣ್ಣುಭ್ರೂಣ ಕೊಲ್ಲುವವಳಂತೆ ನೋಡುವುದು ಲೆಕ್ಕ ಬಾರದವರ ಕೆಲಸ.

ಈಗ ಆ ಮಾತ್ರೆಗೇ ಬರೋಣ. ಇಲ್ಲಿ ತಪ್ಪು ತಿಳಿವಳಿಕೆ ಉಲ್ಟಾ ದಿಕ್ಕಿನದು: ತಲೆನೋವಿನ ಗುಳಿಗೆಯಷ್ಟೇ ಸಲೀಸು, ಮೆಡಿಕಲ್ ಶಾಪಿನಲ್ಲಿ ತಂದು ನುಂಗಿದರೆ ಮುಗೀತು ಎಂಬುದು. 2015ರಲ್ಲಿ ಭಾರತದಲ್ಲಿ ನಡೆದ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಲ್ಲಿ ಶೇಕಡಾ 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆದವು ಎಂಬ ಅಂದಾಜು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದಿದೆ. ಮಾತ್ರೆ ಒಳ್ಳೆಯದೇ. ಸರಿಯಾಗಿ ಕೊಟ್ಟರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿಗೆ ಪೂರ್ತಿ ಆಗುತ್ತದೆ. ತೊಂದರೆ ಆಗುವುದು ಕೊಡುವ ಕ್ರಮ ತಪ್ಪಿದಾಗ.

ಪೊಟ್ಟಣದಲ್ಲಿ ಐದು ಮಾತ್ರೆ ಇರುತ್ತವೆ. ಒಂದು ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ. ನಾಲ್ಕು ಮಿಸೊಪ್ರೊಸ್ಟಾಲ್, ತಲಾ 200 ಮೈಕ್ರೋಗ್ರಾಂ. ಮೊದಲ ದಿನ ಒಂದು. ಅದು ಬಸಿರನ್ನು ಹಿಡಿದಿಡುವ ಹಾರ್ಮೋನನ್ನು ತಡೆಯುತ್ತದೆ. ಒಂದೆರಡು ದಿನ ಬಿಟ್ಟು ವೈದ್ಯರು ಹೇಳಿದ ಹೊತ್ತಿಗೆ ಉಳಿದ ನಾಲ್ಕು. ಅವು ಗರ್ಭಕೋಶವನ್ನು ಹಿಂಡುತ್ತವೆ. ಐದನ್ನೂ ಒಟ್ಟಿಗೆ ನುಂಗುವುದು, ಬಿಡಿಯಾಗಿ ಎರಡೇ ಕೊಂಡು ತಿನ್ನುವುದು, ಮೊದಲನೆಯದನ್ನು ನುಂಗಿ ರಕ್ತ ಬರಲಿಲ್ಲವೆಂದು ಉಳಿದದ್ದನ್ನು ಬಿಡುವುದು, ಎಲ್ಲ ನಡೆಯುತ್ತದೆ. ಆಗ ಗರ್ಭಪಾತ ಅರ್ಧಂಬರ್ಧವಾಗಿ, ಉಳಿದ ತುಣುಕಿನಿಂದ ವಾರಗಟ್ಟಲೆ ರಕ್ತ ಹೋಗುತ್ತದೆ.

ಇನ್ನೊಂದು ಅಪಾಯ ಅಂಗಡಿಯವನಿಗೆ ಕಾಣುವುದೇ ಇಲ್ಲ. ಬಸಿರು ಗರ್ಭಕೋಶದಲ್ಲಿರದೆ ಅಂಡನಾಳದಲ್ಲಿ ನಿಂತಿದ್ದರೆ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಸ್ವಲ್ಪ ರಕ್ತ ಕಂಡು "ಆಯ್ತು" ಎಂದು ಸುಮ್ಮನಿದ್ದರೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ಒಂದು ಪಕ್ಕದಲ್ಲಿ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತಿ ಬೀಳುವುದು ಅದರ ಗುರುತು. ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್ ಟಿ ಇದ್ದರೆ ಮೊದಲು ತೆಗೆಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಬಹಳ ದಿನದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ರಕ್ತ ತೀರಾ ಕಡಿಮೆ ಇರುವವರು ವೈದ್ಯರಿಗೆ ಹೇಳಲೇಬೇಕು.

ನಾಲ್ಕು ಮಾತ್ರೆ ತೆಗೆದುಕೊಂಡ ಕೆಲವು ಗಂಟೆಗಳಲ್ಲಿ ಮುಟ್ಟಿಗಿಂತ ಜಾಸ್ತಿ ರಕ್ತ, ಕಿಬ್ಬೊಟ್ಟೆ ನೋವು, ಗಡ್ಡೆ ಹೋಗುವುದು ಸಹಜ. ಆಮೇಲೆ ಕಡಿಮೆಯಾಗುತ್ತ ಎರಡು ವಾರದವರೆಗೂ ಹೋಗಬಹುದು. ಸಹಜವಲ್ಲದ್ದು ಯಾವುದು? ದೊಡ್ಡ ಪ್ಯಾಡ್ ಗಂಟೆಗೆ ಎರಡರಂತೆ ಎರಡು ಗಂಟೆ ಸತತವಾಗಿ ತೊಯ್ದರೆ, ಮಾರನೆಯ ದಿನವೂ ಜ್ವರ ಇದ್ದರೆ, ಕೆಟ್ಟ ವಾಸನೆ ಬಂದರೆ 108ಕ್ಕೆ ಫೋನ್ ಮಾಡಿ. ರಕ್ತವೇ ಬಾರದಿದ್ದರೂ ಆಸ್ಪತ್ರೆಗೆ ಹೋಗಬೇಕು, ಬಸಿರು ಮುಂದುವರಿದಿರಬಹುದು. ಮುಟ್ಟಾದವರನ್ನು ಹೊರಗೆ ಕೂರಿಸುವ ಪದ್ಧತಿ ಇನ್ನೂ ಉಳಿದಿರುವ ಹಟ್ಟಿಗಳವರಿಗೆ ಒಂದು ಮಾತು: ಮಾತ್ರೆ ತೆಗೆದುಕೊಂಡ ಹೆಂಗಸನ್ನು ರಾತ್ರಿ ಒಬ್ಬಳೇ ಗುಡಿಸಲಲ್ಲಿ ಬಿಡಬೇಡಿ. ರಕ್ತ ಹೋಗಿ ಪ್ರಜ್ಞೆ ತಪ್ಪಿದರೆ ಕೂಗುವ ಶಕ್ತಿಯೂ ಆಕೆಗೆ ಇರುವುದಿಲ್ಲ.

ಒಂಬತ್ತು ವಾರ ದಾಟಿದವರಿಗೆ, ಹನ್ನೆರಡರವರೆಗೆ, ಕೈಯಿಂದ ಎಳೆಯುವ ದೊಡ್ಡ ಸಿರಿಂಜಿಗೆ ಪ್ಲಾಸ್ಟಿಕ್ ನಳಿಗೆ ಹಾಕಿ ಗರ್ಭಕೋಶವನ್ನು ಖಾಲಿ ಮಾಡುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷದ ಕೆಲಸ, ಅವತ್ತೇ ಮನೆಗೆ. ಹರಿತ ಅಂಚಿನ ಲೋಹದ ಚಮಚದಿಂದ ಕೆರೆಯುವ ಹಳೆಯ ವಿಧಾನವನ್ನು ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. "ಒಮ್ಮೆ ತೆಗೆಸಿದರೆ ಮತ್ತೆ ಮಕ್ಕಳಾಗಲ್ಲ" ಎಂಬ ಭಯ ಹುಟ್ಟಿದ್ದೂ ಆ ಕೆರೆತದಿಂದ, ಮತ್ತು ಊರಲ್ಲಿ ಕದ್ದು ಮಾಡುವವರ ಕೊಳಕು ಕೈಯಿಂದ. ಕಲೆಗಟ್ಟಿದ ಗರ್ಭಕೋಶ, ಸೋಂಕಿನಿಂದ ಮುಚ್ಚಿದ ನಾಳ. ಶುಚಿಯಾಗಿ ಮಾಡಿದ ಗರ್ಭಪಾತದಿಂದ ಬಂಜೆತನ ಬರುವುದಿಲ್ಲ, ಸ್ತನ ಕ್ಯಾನ್ಸರೂ ಬರುವುದಿಲ್ಲ. ಇದನ್ನು ಮಾಡುವ ಅಧಿಕಾರ ತರಬೇತಿಯಿರುವ ಅಲೋಪಥಿ ವೈದ್ಯರಿಗೆ ಮಾತ್ರ. ದಾವಣಗೆರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಳಲ್ಲಿ ಹೆರಿಗೆ ವಿಭಾಗದಲ್ಲಿ ಕೇಳಿ. ತಾಲ್ಲೂಕು ಆಸ್ಪತ್ರೆಗೆ ಹೋಗುವ ಮೊದಲು ತರಬೇತಿಯಾದ ವೈದ್ಯರು ಯಾವ ದಿನ ಇರುತ್ತಾರೆ ಎಂದು ವಿಚಾರಿಸಿಕೊಳ್ಳಿ, ಇಲ್ಲದಿದ್ದರೆ ಅಲ್ಲಿಯೂ ಒಂದು ವಾರ ಹೋಗುತ್ತದೆ.

ಹದಿನೈದನೇ ದಿನ ಮರುಪರೀಕ್ಷೆಗೆ ಹೋಗುವುದನ್ನು ಬಿಡಬೇಡಿ. ಮೂತ್ರಪರೀಕ್ಷೆ ಇನ್ನೂ ಮೂರು ನಾಲ್ಕು ವಾರ ಬಸಿರಿದೆ ಎನ್ನುವ ಎರಡು ಗೆರೆ ತೋರಿಸಬಹುದು, ಅದನ್ನು ನೋಡಿ ಇನ್ನೊಂದು ಪೊಟ್ಟಣ ತಂದು ನುಂಗಬೇಡಿ. ಮುಟ್ಟು ನಾಲ್ಕರಿಂದ ಆರು ವಾರಕ್ಕೆ ಬರುತ್ತದೆ, ಆದರೆ ಅಂಡ ಬಿಡುಗಡೆ ಹತ್ತು ದಿನದೊಳಗೇ ಆಗಬಹುದು. ಹಾಗಾಗಿ ಮೊದಲ ಮುಟ್ಟು ಬರಲಿ ಎಂದು ಕಾಯುವಂತಿಲ್ಲ. ಸಿರಿಂಜಿನಿಂದ ಮಾಡಿಸಿಕೊಂಡವರು ಅದೇ ಹೊತ್ತಿಗೆ ಕಾಪರ್ ಟಿ ಹಾಕಿಸಿಕೊಳ್ಳಬಹುದು. ಮಾತ್ರೆ ತೆಗೆದುಕೊಂಡವರು ಹದಿನೈದನೇ ದಿನ, ಪೂರ್ತಿಯಾಗಿದೆ ಎಂದು ಗೊತ್ತಾದ ಮೇಲೆ ಹಾಕಿಸಿಕೊಳ್ಳಬಹುದು. ಅಲ್ಲಿಯವರೆಗೆ ಕಾಂಡೋಮ್ ಗಂಡನ ಜವಾಬ್ದಾರಿ.