ಹೊಳೆಯೋದಕ್ಕೆ ಇಂಗ್ಲಿಷಲ್ಲಿ ಇಷ್ಟೊಂದು ಪದ ಯಾಕೆ? ‘ಜಿ ಎಲ್’ ಪದಗಳ ಕತೆ

[ಮೇಜಿನ ಮೇಲೆ ಹಿತ್ತಾಳೆ ಚೊಂಬು, ಅರ್ಧ ಮಾತ್ರ ತಿಕ್ಕಿದ್ದು]

ನಮಸ್ಕಾರ. ಈ ಚೊಂಬು ನೋಡಿ. ಈ ಕಡೆ ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ, ಆ ಕಡೆ ಹಾಗೇ ಬಿಟ್ಟಿದ್ದೇನೆ. ತಿಕ್ಕಿದ ಕಡೆ ಒಂದು ತಣ್ಣನೆಯ ಹೊಳಪಿದೆ ಅಲ್ವಾ, ಕಣ್ಣಿಗೆ ಚುಚ್ಚುವುದಿಲ್ಲ. ಇದು ಗ್ಲೀಮ್. ಈಗ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತೇನೆ.

[ಕ್ಯಾಮೆರಾ ಹತ್ತಿರಕ್ಕೆ]

ಒದ್ದೆ ಹೊಳಪು ಬಂತು. ಇದು ಗ್ಲಿಸನ್. ಬರೆಯುವಾಗ ನಡುವೆ ‘ಟಿ’ ಇರುತ್ತದೆ, ಹೇಳುವಾಗ ಇರುವುದಿಲ್ಲ. ಬೆವರಿದ ಹಣೆ, ಎಣ್ಣೆ ಹಚ್ಚಿದ ತಲೆ, ಇಬ್ಬನಿ ಕೂತ ಎಲೆ, ಎಲ್ಲಕ್ಕೂ ಇದೇ ಪದ.

ಡಿಕ್ಷನರಿ ತೆಗೆದರೆ ಎರಡಕ್ಕೂ ‘ಹೊಳೆ, ಮಿನುಗು’ ಅಂತಲೇ ಸಿಗುತ್ತದೆ. ಅದನ್ನೇ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮೇಲೆ ಒಂದೂ ನೆನಪಿರುವುದಿಲ್ಲ. ಅದಕ್ಕೇ ಚೊಂಬು ತಂದಿದ್ದು.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಝಗಮಗ, ಮಿಣಮಿಣ ಅನ್ನುವ ನಮ್ಮದೇ ಪದಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಜರಿ ಸೀರೆ ಝಗಮಗ ಅಂದರೆ ಗ್ಲಿಟರ್. ನಿಗಿನಿಗಿ ಕೆಂಡ ಇರುತ್ತದಲ್ಲ, ಜ್ವಾಲೆ ಇಲ್ಲ, ಬೆಳಕು ಮಾತ್ರ ಇದೆ, ಅದು ಗ್ಲೋ. ಕತ್ತಿಯ ಅಂಚು ಒಂದು ಸಲ ಫಳಕ್ ಅಂದರೆ ಗ್ಲಿಂಟ್. ದೂರದ ಊರಿನ ದೀಪ ಮಿಣಮಿಣ ಅಂದರೆ ಗ್ಲಿಮರ್. ಈಗಲೋ ಆಗಲೋ ಆರುವ ಹಾಗಿರುವ ಸಣ್ಣ ಬೆಳಕು ಅದು, ಹಾಗಾಗಿಯೇ ಎಲ್ಲ ಮುಗಿಯಿತು ಅನ್ನುವಾಗ ಒಂಚೂರು ಉಳಿದ ಆಸೆಗೂ ಇಂಗ್ಲಿಷಿನವರು ‘ಗ್ಲಿಮರ್ ಆಫ್ ಹೋಪ್’ ಅನ್ನುತ್ತಾರೆ. ಎಷ್ಟು ಚೆನ್ನಾಗಿದೆ ನೋಡಿ!

ಬೆಳಕಿನಿಂದ ಕಣ್ಣಿಗೆ ಬರೋಣ. ರಾತ್ರಿ ಎದುರಿನ ಗಾಡಿಯವರು ಹೈ ಬೀಮ್ ಹಾಕಿದರೆ ಕಣ್ಣು ಕುಕ್ಕುತ್ತದಲ್ಲ, ಅದು ಗ್ಲೇರ್. ಸಿಟ್ಟಿನಿಂದ ದುರುಗುಟ್ಟಿ ನೋಡುವುದೂ ಗ್ಲೇರ್. ಗ್ಲಾನ್ಸ್ ಮತ್ತು ಗ್ಲಿಂಪ್ಸ್ ಮಾತ್ರ ತುಂಬಾ ಜನ ಅದಲುಬದಲು ಮಾಡುತ್ತಾರೆ. ಓಡುವ ಬಸ್ಸಿನಿಂದ ಸುಮ್ನೆ ಕಿಟಕಿಯಾಚೆ ಕಣ್ಣು ಹಾಯಿಸಿದಿರಿ, ಅದು ಗ್ಲಾನ್ಸ್. ಮರಗಳ ಸಂದಿಯಲ್ಲಿ ಕೆರೆ ಕಂಡು ತಕ್ಷಣ ಮರೆಯಾಯಿತು, ಅದು ಗ್ಲಿಂಪ್ಸ್. ಒಂದು ನೀವು ಮಾಡಿದ್ದು, ಇನ್ನೊಂದು ನಿಮಗೆ ಸಿಕ್ಕಿದ್ದು.

ಗಮನಿಸಿದಿರಾ, ಈ ಪದಗಳೆಲ್ಲ ಶುರುವಾಗುವುದು ‘ಜಿ ಎಲ್’ ಅಕ್ಷರಗಳಿಂದ, ಎಲ್ಲದರಲ್ಲೂ ಬೆಳಕೋ ನೋಟವೋ ಇದೆ. ಹೀಗೆ ಪದದ ಒಂದು ಚೂರು ಸದ್ದೇ ಅರ್ಥದ ಸುಳಿವು ಕೊಟ್ಟರೆ ಅದಕ್ಕೆ ಫೋನೆಸ್ಥೀಮ್ ಅಂತ ಹೆಸರು. 1930ರಲ್ಲಿ ಆ ಹೆಸರು ಕೊಟ್ಟವರು ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್. ಅದಕ್ಕೂ ಮೊದಲು ಅವರು ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದರು.

ಹಾಗಂತ ‘ಜಿ ಎಲ್’ ಕಂಡಲ್ಲೆಲ್ಲ ಬೆಳಕು ಹುಡುಕಬೇಡಿ. ಗ್ಲೂ ಅಂದರೆ ಅಂಟು, ಗ್ಲವ್ ಅಂದರೆ ಕೈಗವಸು. ಗ್ಲೂಮ್ ಅಂತೂ ಮಬ್ಬುಗತ್ತಲೆ! ಆದರೆ ಗ್ಲ್ಯಾಡ್ ಇದೆಯಲ್ಲ, ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದಕ್ಕೆ ‘ಹೊಳೆಯುವ’ ಅನ್ನುವ ಅರ್ಥವೂ ಇತ್ತು. ಖುಷಿಯಾದವರ ಮುಖ ಬೆಳಗಿತು ಅಂತ ನಾವೂ ಹೇಳುತ್ತೇವೆ.

ಮುಂದಿನ ವಿಡಿಯೋ ಬರುವಷ್ಟರಲ್ಲಿ ಸ್ನೀಜ್, ಸ್ನೋರ್, ಸ್ನಿಫ್, ಸ್ನೌಟ್, ಈ ನಾಲ್ಕರ ಅರ್ಥ ಹುಡುಕಿಟ್ಟಿರಿ. ನಾಲ್ಕೂ ಬಂದು ನಿಲ್ಲುವುದು ಮೂಗಿನ ಹತ್ತಿರ.