ಸರದಿಯಲ್ಲಿ ನಿಂತ ಲೆಕ್ಕಗಳು

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ, ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ, ಪರಮ್ ಪ್ರವೇಗದಂತಹ ಸೂಪರ್‌ಕಂಪ್ಯೂಟರ್ ಒಂದೇ ಯಂತ್ರವಲ್ಲ. ನೋಡ್ ಎಂದು ಕರೆಯುವ ನೂರಾರು ಕಂಪ್ಯೂಟರುಗಳನ್ನು ವೇಗದ ಜಾಲದಿಂದ ಬೆಸೆದ ಕ್ಲಸ್ಟರ್. ಇಂತಹ ಯಂತ್ರವನ್ನು ನೆಚ್ಚಿಕೊಂಡವರು ಅನೇಕರಾದ್ದರಿಂದ, ಲಾಗಿನ್ ಆದ ಕೂಡಲೇ ಅಲ್ಲಿಯೇ ಲೆಕ್ಕ ಓಡಿಸುವಂತಿಲ್ಲ. ಲಾಗಿನ್ ನೋಡ್ ಇರುವುದು ಫೈಲ್ ತಿದ್ದಲು, ಜಾಬ್ ಅನ್ನು, ಅಂದರೆ ಓಡಿಸಬೇಕಾದ ಲೆಕ್ಕವನ್ನು, ಸಲ್ಲಿಸಲು ಮಾತ್ರ.

ನೋಡ್‌ಗಳನ್ನು ಹಂಚುವ ಹೊಣೆ ಷೆಡ್ಯೂಲರ್ ಎಂಬ ತಂತ್ರಾಂಶದ್ದು. ಬಹಳ ಕಡೆ ಬಳಕೆಯಲ್ಲಿರುವ ಸ್ಲರ್ಮ್, ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ಷೆಡ್ಯೂಲರ್. ಎಷ್ಟು ನೋಡ್, ಎಷ್ಟು ಮೆಮೊರಿ, ಎಷ್ಟು ಗಂಟೆ ಬೇಕೆಂದು ಸ್ಕ್ರಿಪ್ಟಿನ, ಅಂದರೆ ಜಾಬಿನ ಆದೇಶಗಳಿರುವ ಫೈಲಿನ, ಆರಂಭದಲ್ಲಿ ಬರೆದು, ಎಸ್‌ಬ್ಯಾಚ್ ಕಮಾಂಡ್ ಮೂಲಕ ಸಲ್ಲಿಸಿದರೆ ನಮಗೊಂದು ಜಾಬ್ ಸಂಖ್ಯೆ ಸಿಗುತ್ತದೆ.

ಇವುಗಳಲ್ಲಿ ಹೆಚ್ಚಿನವರು ಅಲಕ್ಷಿಸುವುದು ಗಂಟೆಯ ಅಂದಾಜನ್ನು. 40 ನೋಡ್ ಬೇಕಾದ ದೊಡ್ಡ ಜಾಬೊಂದು ಸರದಿಯ ಮುಂದೆ ನಿಂತಿದೆ, 30 ಖಾಲಿ ಇವೆ, ಉಳಿದ 10 ತೆರವಾಗಲು ಇನ್ನೂ 3 ಗಂಟೆ ಬೇಕು ಎಂದಿಟ್ಟುಕೊಳ್ಳಿ. ಆಗ 2 ಗಂಟೆ ಸಾಕೆಂದು ಬರೆದ ಸಣ್ಣ ಜಾಬನ್ನು ಷೆಡ್ಯೂಲರ್ ಆ ತೆರಪಿನಲ್ಲಿ ಕೂರಿಸುತ್ತದೆ. ದೊಡ್ಡದು ಹೊರಡುವಷ್ಟರಲ್ಲಿ ಅದು ಮುಗಿದಿರುತ್ತದೆ. ಇದಕ್ಕೆ ಬ್ಯಾಕ್‌ಫಿಲ್ ಎನ್ನುತ್ತಾರೆ. ಅದೇ ಜಾಬಿಗೆ ‘ಇರಲಿ’ ಎಂದು 24 ಗಂಟೆ ಬರೆದಿದ್ದರೆ ಅದು ಹಿಂದೆಯೇ ಉಳಿಯುತ್ತಿತ್ತು. ತೀರಾ ಕಡಿಮೆ ಬರೆದರೂ ಕಷ್ಟವೇ, ಅವಧಿ ತೀರಿದೊಡನೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ನಾನು ಮೊದಲು ಸಣ್ಣ ಮಾದರಿಯೊಂದನ್ನು ಓಡಿಸಿ, ಹಿಡಿದ ಸಮಯ ನೋಡಿಕೊಂಡು, ಸ್ವಲ್ಪ ಹೆಚ್ಚಿಗೆ ಸೇರಿಸಿ ಬರೆಯುತ್ತೇನೆ.

ಸಲ್ಲಿಸಿದ ಮೇಲೆ ಎಸ್‌ಕ್ಯೂ (squeue) ಕಮಾಂಡ್ ಸ್ಥಿತಿ ತೋರಿಸುತ್ತದೆ. ‘ಪಿಡಿ’ ಎಂದರೆ ಕಾಯುತ್ತಿದೆ; ಪಕ್ಕದಲ್ಲಿ ಕಾರಣವೂ ಇರುತ್ತದೆ. ‘ಪ್ರಯಾರಿಟಿ’ ಎಂದಿದ್ದರೆ ಮುಂದೆ ಬೇರೆಯವರಿದ್ದಾರೆ, ‘ರಿಸೋರ್ಸಸ್’ ಎಂದಿದ್ದರೆ ನೋಡ್ ತೆರವಾಗಬೇಕು. ‘ಆರ್’ ಎಂದರೆ ಓಡುತ್ತಿದೆ, ಆದರೆ ಅಷ್ಟಕ್ಕೇ ನೆಮ್ಮದಿ ಬೇಡ. ನನ್ನ ಜಾಬೊಂದು ಇಡೀ ರಾತ್ರಿ ‘ಆರ್’ ಎಂದೇ ತೋರಿಸಿತು. ಬೆಳಿಗ್ಗೆ ಔಟ್‌ಪುಟ್ ಫೈಲ್ ತೆರೆದರೆ ಹಿಂದಿನ ಸಂಜೆಯ ಸಾಲುಗಳಷ್ಟೇ ಇದ್ದವು. ಅಷ್ಟೂ ನೋಡ್‌ಗಳನ್ನು ರಾತ್ರಿಯಿಡೀ ಸುಮ್ಮನೆ ಹಿಡಿದಿಟ್ಟೆನಲ್ಲ ಎಂಬ ಸಂಕಟ ಬಹಳ ದಿನ ಕಾಡಿತು. ಅಂದಿನಿಂದ, ಜಾಬ್ ಶುರುವಾದ ಮೊದಲ ಹತ್ತು ನಿಮಿಷ ಆ ಫೈಲ್ ಬೆಳೆಯುತ್ತಿದೆಯೇ ಎಂದು ನೋಡದೆ ಏಳುವುದಿಲ್ಲ.

ಮುಗಿದ ಜಾಬ್ ಎಷ್ಟು ಮೆಮೊರಿ ಬಳಸಿತೆಂಬುದನ್ನು ಎಸ್‌ಅಕ್ಟ್ (sacct) ಕಮಾಂಡ್ ಹೇಳುತ್ತದೆ. 64 ಜಿಬಿ ಕೇಳಿ 6 ಬಳಸಿದ್ದರೆ, ಮುಂದಿನ ಸಲ 8 ಎಂದು ಬರೆಯಬಹುದು. ನೋಡ್ ಹಂಚಿಕೊಳ್ಳಲು ಅವಕಾಶವಿರುವ ಕಡೆ, ಉಳಿದ ಮೆಮೊರಿಯಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಜಾಬ್ ಅಂದೇ ರಾತ್ರಿ ಶುರುವಾಗಬಹುದು.