ಸಿಮೆಂಟಿನ ಬಿಗಿ, ನಾರಿನ ಹಿಡಿತ: ಮೆದು ಜೇಡಿಮಣ್ಣನ್ನು ಗಟ್ಟಿಗೊಳಿಸುವ ಬಗೆ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಮಣ್ಣಿನ ತುಂಡುಗಳಿವೆ. ಎರಡೂ 38 ಮಿಲಿಮೀಟರ್ ವ್ಯಾಸದ, 76 ಮಿಲಿಮೀಟರ್ ಎತ್ತರದ ಸಿಲಿಂಡರ್‌ಗಳಾಗಿದ್ದವು. ಎರಡರಲ್ಲೂ ಒಂದೇ ಜೇಡಿಮಣ್ಣು, ಒಂದೇ ಪ್ರಮಾಣದ ಸಿಮೆಂಟ್, 28 ದಿನಗಳ ಕ್ಯೂರಿಂಗ್, ಅಂದರೆ ತೇವ ಆರದಂತೆ ಇಟ್ಟು ಗಟ್ಟಿಯಾಗಲು ಬಿಡುವುದು. ಎರಡನೆಯದಕ್ಕೆ ಮಾತ್ರ ಒಂದು ಚಿಟಿಕೆ ನಾರು ಬೆರೆಸಿದ್ದೆ. ಯಂತ್ರದಲ್ಲಿಟ್ಟು ಒತ್ತಿದಾಗ ಮೊದಲನೆಯದು ಮೇಲಿನಿಂದ ಕೆಳಗಿನವರೆಗೆ ಸೀಳಿ ಎರಡು ಹೋಳಾಯಿತು. ಎರಡನೆಯದರ ಮೈತುಂಬ ಬಿರುಕುಗಳಿವೆ, ಆದರೂ ಅದು ಇಡಿಯಾಗಿಯೇ ನಿಂತಿದೆ. ಬಿರುಕಿಗೆ ಉಗುರು ತೂರಿಸಿ ಅಗಲಿಸಲು ಹೋದರೆ ಒಳಗಿನ ಬಿಳಿ ಎಳೆಗಳು ಬಿಗಿದು ತಡೆಯುತ್ತವೆ.

ಜೇಡಿಮಣ್ಣಿನ ಕಣಗಳು 0.002 ಮಿಲಿಮೀಟರಿಗಿಂತ ಚಿಕ್ಕವು, ಹಾಳೆಯಂತೆ ಚಪ್ಪಟೆ. ಅವುಗಳ ನಡುವೆ ನೀರು ಸಿಕ್ಕಿಕೊಂಡಿರುತ್ತದೆ. ಮೆಕ್ಸಿಕೋ ನಗರದ ಕೆಳಗಿನ ಜೇಡಿಯಲ್ಲಿ ಕೆಲವೆಡೆ ಒಣ ಮಣ್ಣಿನ ತೂಕದ ಮೂರು ಪಟ್ಟಿಗೂ ಹೆಚ್ಚು ನೀರಿದೆ. ಮೇಲೆ ಭಾರ ಬಿದ್ದಾಗ ಆ ನೀರು ಹನಿಹನಿಯಾಗಿ ಹೊರಬರುತ್ತದೆ, ಹಾಗಾಗಿ ನೆಲ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಎಲ್ಲೆಡೆ ಸಮನಾಗಿ ಕುಸಿದರೆ ಕಟ್ಟಡ ಹೇಗೋ ಸಹಿಸಿಕೊಂಡೀತು. ಒಂದು ಬದಿ ಹೆಚ್ಚು ಇಳಿದರೆ ಕಷ್ಟ. 1173ರಲ್ಲಿ ಕಟ್ಟಲು ಆರಂಭಿಸಿದ ಪೀಸಾ ಗೋಪುರ ವಾಲಿದ್ದು ಅಡಿಯ ಮೆದು ಮಣ್ಣಿನಿಂದಲೇ.

ಸಿಮೆಂಟ್ ಬೆರೆಸಿದಾಗ ಎರಡು ಕೆಲಸಗಳು ನಡೆಯುತ್ತವೆ. ಸಿಮೆಂಟ್ ನೀರಿನೊಡನೆ ಸೇರಿ ಅಂಟಿನಂಥ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಉಂಟಾಗಿ ಕಣಗಳನ್ನು ಬೆಸೆಯುತ್ತದೆ. ಜೊತೆಗೆ ಬಿಡುಗಡೆಯಾಗುವ ಸುಣ್ಣ, ಮಣ್ಣಿನಲ್ಲೇ ಇರುವ ಸಿಲಿಕಾ ಮತ್ತು ಅಲ್ಯುಮಿನಾ ಎಂಬ ಖನಿಜಾಂಶಗಳೊಡನೆ ತಿಂಗಳುಗಟ್ಟಲೆ ನಿಧಾನವಾಗಿ ವರ್ತಿಸಿ ಇನ್ನಷ್ಟು ಅಂಟನ್ನು ಕೊಡುತ್ತದೆ. ಬೆರಳಿನಿಂದ ಒತ್ತಿದರೆ ಇಳಿಯುತ್ತಿದ್ದ ಮಣ್ಣು ಹತ್ತಾರು ಪಟ್ಟು ಗಟ್ಟಿಯಾಗುತ್ತದೆ. ಆದರೆ ಮಣ್ಣಿನಲ್ಲಿ ಕೊಳೆತ ಸಸ್ಯಾಂಶ ಹೆಚ್ಚಿದ್ದರೆ ಸಿಮೆಂಟ್ ಸರಿಯಾಗಿ ಹಿಡಿಯುವುದಿಲ್ಲ. ಸಲ್ಫೇಟ್ ಇದ್ದರೆ ಎಟ್ರಿಂಜೈಟ್ ಎಂಬ ಹರಳು ಬೆಳೆದು, ಗಟ್ಟಿಯಾದ ನೆಲವೇ ಉಬ್ಬಿ ಒಡೆಯುತ್ತದೆ. ಆದ್ದರಿಂದ ಮಣ್ಣಿನ ರಾಸಾಯನಿಕ ಪರೀಕ್ಷೆ ಮಾಡಿಸದೆ ಸಿಮೆಂಟ್ ಚೀಲ ಬಿಚ್ಚಬೇಡಿ.

ಗಟ್ಟಿಯಾದ ಮಣ್ಣು ಪೆಡಸೂ ಆಗುತ್ತದೆ, ಅಂದರೆ ಬಾಗದೆ ಥಟ್ಟನೆ ಒಡೆಯುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ. ಒತ್ತುತ್ತ ಹೋದಂತೆ ತುಂಡು ತಾಳುವ ಬಲವನ್ನು ಗ್ರಾಫ್‌ನಲ್ಲಿ ಗುರುತಿಸಿದರೆ, ನಾರಿಲ್ಲದ ತುಂಡಿನ ಗೆರೆ ನೇರವಾಗಿ ಏರಿ, ತುದಿ ಮುಟ್ಟಿದೊಡನೆ ಪಾತಾಳಕ್ಕೆ ಬೀಳುತ್ತದೆ. ಮೆದು ಮಣ್ಣಾದರೆ ಬಾಗಿ, ಉಬ್ಬಿ ಮುನ್ಸೂಚನೆ ಕೊಡುತ್ತಿತ್ತು, ಇದು ಕೊಡುವುದಿಲ್ಲ. ರಸ್ತೆಯ ಏರಿಯ ಅಂಚಿನಲ್ಲಿ, ಭೂಕಂಪದಲ್ಲಿ, ಮಣ್ಣು ಬಾಗಬೇಕಾದ ಎಲ್ಲ ಕಡೆಯೂ ಇದು ಅಪಾಯ. ಇನ್ನಷ್ಟು ಸಿಮೆಂಟ್ ಸುರಿದರೆ ಪೆಡಸುತನ ಇನ್ನೂ ಹೆಚ್ಚುತ್ತದೆ.

ನಾರು ಬೇಕಾಗುವುದು ಇಲ್ಲಿ. ಅದು ಬಿರುಕಿನ ಎರಡು ದಡಗಳನ್ನು ಹೊಲಿದು ಹಿಡಿಯುತ್ತದೆ. ಬಿರುಕು ಅಗಲವಾಗಬೇಕಾದರೆ ಪ್ರತಿ ಎಳೆಯನ್ನೂ ಅದು ಹುದುಗಿರುವ ಮಣ್ಣಿನಿಂದ ಎಳೆದು ಕೀಳಬೇಕು. ಸಿಮೆಂಟಿನ ಅಂಟು ಎಳೆಗೆ ಕಚ್ಚಿಕೊಂಡಿರುವುದರಿಂದ ಅದು ಸುಲಭವಲ್ಲ. ಬೇರೆಬೇರೆಯಾಗಿ ಬಳಸಿದಾಗ ಸಿಗದ ಗುಣ ಸಿಮೆಂಟ್ ಮತ್ತು ನಾರು ಜೊತೆಯಾದಾಗ ಸಿಗುವುದು ಈ ಕಚ್ಚುವಿಕೆಯಿಂದಲೇ. ಸಾಮಾನ್ಯವಾಗಿ 12 ಮಿಲಿಮೀಟರ್ ಆಸುಪಾಸಿನ ಪಾಲಿಪ್ರೊಪಿಲೀನ್ ಎಳೆಗಳನ್ನು ಒಣ ಮಣ್ಣಿನ ತೂಕದ ಶೇಕಡಾ 0.25ರಿಂದ 1ರಷ್ಟು ಬೆರೆಸುತ್ತಾರೆ. ತೆಂಗಿನ ನಾರು, ಸೆಣಬು ಕೂಡ ಆಗುತ್ತವೆ, ಆದರೆ ಸಿಮೆಂಟಿನ ಕ್ಷಾರ ಅವನ್ನು ಕಾಲಕ್ರಮೇಣ ತಿನ್ನುತ್ತದೆ. ದೀರ್ಘಕಾಲದ ಕಾಮಗಾರಿಗೆ ಸಂಸ್ಕರಿಸದ ಸಸ್ಯನಾರನ್ನು ನಾನು ಒಪ್ಪುವುದಿಲ್ಲ.

ನಾರು ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸಬೇಡಿ. ಒದ್ದೆ ಜೇಡಿಯಲ್ಲಿ ಎಳೆಗಳು ಉಂಡೆಗಟ್ಟುತ್ತವೆ, ಆ ಉಂಡೆಯೇ ದುರ್ಬಲ ಜಾಗವಾಗುತ್ತದೆ. ಪ್ರಯೋಗಾಲಯದಲ್ಲಿ ಕೈಯಿಂದ ಬಿಡಿಸಿ ಬೆರೆಸಬಹುದು. 1970ರ ದಶಕದಲ್ಲಿ ಜಪಾನ್ ಮತ್ತು ಸ್ವೀಡನ್‌ಗಳಲ್ಲಿ ಬಳಕೆಗೆ ಬಂದ ವಿಧಾನದಂತೆ ನೆಲದಾಳದಲ್ಲೇ ಮಣ್ಣನ್ನು ಕಲಸಿ ಕಂಬ ಮಾಡುವಾಗ ಎಳೆಗಳು ಕಲಸುವ ಯಂತ್ರದ ಅಲಗುಗಳಿಗೆ ಸುತ್ತಿಕೊಳ್ಳಬಹುದು, ಅದರ ಕೊಳವೆಯಲ್ಲಿ ಸಿಕ್ಕಿಕೊಂಡು ದಾರಿ ಮುಚ್ಚಬಹುದು. ಮೇಲ್ಪದರದ ಕೆಲಸಕ್ಕೆ ನಾರು ಹೆಚ್ಚು ಒಗ್ಗುತ್ತದೆ.

ಪರೀಕ್ಷೆ ಮಾಡುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಬಲದ ತುದಿ, ಅಂದರೆ ತುಂಡು ತಾಳುವ ಗರಿಷ್ಠ ಬಲ, ತಲುಪಿತೆಂದು ಯಂತ್ರ ನಿಲ್ಲಿಸಬೇಡಿ. ಇನ್ನೂ ಒತ್ತಿ, ಆಮೇಲೆ ಉಳಿದ ಬಲವನ್ನೂ ಬರೆದುಕೊಳ್ಳಿ. ಈ ಎರಡು ತುಂಡುಗಳ ತುದಿಬಲ ಹೆಚ್ಚುಕಡಿಮೆ ಒಂದೇ ಆಗಿತ್ತು, ವ್ಯತ್ಯಾಸ ಕಂಡದ್ದು ಆಮೇಲೆ. ಈಗ ಮುಂದೆ ಬಂದು ಎರಡನ್ನೂ ಕೈಯಲ್ಲಿ ಹಿಡಿದು ನೋಡಿ.